ಬಾಣಂತಿ ಕೋಣೆಯ ಗಾಳಿ ಮತ್ತು ಒಂದು ಹಿಡಿ ಅರಳೆ

ಮೊನ್ನೆ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಮಡಿಲಲ್ಲಿ ಕೂಸು, ಕೈಯಲ್ಲಿ ಮಡಿಸಿದ ಕರವಸ್ತ್ರ. ಅದನ್ನು ಆಗಾಗ ಬಿಚ್ಚಿ ನೋಡುವಳು, ಮತ್ತೆ ಮಡಿಸುವಳು. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಕರವಸ್ತ್ರವನ್ನು ಹಾಗೆ ಮಡಿಸುವವರ ಸಂಕಟ ನನಗೆ ಗೊತ್ತು. ಅಷ್ಟರಲ್ಲಿ ಅವಳ ಪಾಳಿ ಬಂತು, ಎದ್ದು ಹೋದಳು. ಆಡಬೇಕೆಂದಿದ್ದ ಮಾತು ನನ್ನ ಬಾಯಲ್ಲೇ ಉಳಿಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನನಗಿರುವುದು ಉಬ್ಬಸ. ಅಸ್ತಮಾ ಎಂಬ ಶಬ್ದ ಈಗ ಮಕ್ಕಳ ಬಾಯಲ್ಲೂ ಇದೆ. ಪರ್ಸಿನಲ್ಲಿ ಕನ್ನಡಕದ ಪಕ್ಕ ಉಸಿರಿನ ಔಷಧದ ಪಂಪ್ ಇಟ್ಟುಕೊಂಡು ನಾನು ಮದುವೆಗಳಿಗೆ ಹೋಗುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಮೊಮ್ಮಕ್ಕಳನ್ನು ಬೈಯುತ್ತೇನೆ. ಆದರೆ ಅದು ಮೊದಲು ನನ್ನ ಎದೆಗೆ ಬಂದದ್ದು ನಿಜಾಮರ ಆಡಳಿತ ಮುಗಿಯುತ್ತಿದ್ದ ಕಾಲದಲ್ಲಿ, ಶಹಾಪುರದಲ್ಲಿ. ಆಗ ಅದಕ್ಕೆ ನಮ್ಮ ಮನೆಯವರು ಇಟ್ಟ ಹೆಸರು ಬೇರೆ.

ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪ ಅಲ್ಲಿ ಸರ್ಕಾರಿ ಕಚೇರಿಯಲ್ಲಿದ್ದರು. ಅವ್ವ ನಾನು ಸಣ್ಣವಳಿದ್ದಾಗಲೇ ಕ್ಷಯದಿಂದ ತೀರಿಕೊಂಡಿದ್ದಳು. ನನ್ನನ್ನು ಶಹಾಪುರದ ಅರಳೆ ವ್ಯಾಪಾರದ ಮನೆಗೆ ಕೊಟ್ಟರು. ನನ್ನವರು ಅರಳೆ ಮಾರಲು ಊರೂರು ತಿರುಗುವವರು, ಚಳಿಗಾಲದ ಸುಗ್ಗಿಯಲ್ಲಿ ತಿಂಗಳುಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ಪಿಯಾನೋ ಬಾರಿಸಲು ಬರುತ್ತಿದ್ದ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅತ್ತೆ ಗೌರಮ್ಮನವರು ಅದಕ್ಕೆ ನಕ್ಕರೇ ಹೊರತು ಬೈಯಲಿಲ್ಲ. "ನಮ್ಮ ಸರೋಜಾ ರೊಟ್ಟಿ ಮ್ಯಾಲ ಬೆರಳಾಡ್ಸಿದ್ರ ಹಾಡು ಬರ್ತದ, ರೊಟ್ಟಿ ಬರಂಗಿಲ್ಲ" ಎಂದು ಓಣಿಯವರ ಮುಂದೆ ಹೇಳುತ್ತಿದ್ದರು.

ಮಾವನವರ ಜೊತೆ ಮಾತ್ರ ನನ್ನದು ಒಂದು ಮಾತೂ ಇರಲಿಲ್ಲ. ಆ ಮನೆಯ ಪದ್ಧತಿ ಹಾಗೆ: ಸೊಸೆ ಮಾವನ ಎದುರು ನಿಲ್ಲಬಾರದು, ಅವರೊಡನೆ ಮಾತಾಡಬಾರದು. ಅವರು ಅಂಗಳಕ್ಕೆ ಬರುವ ಮೊದಲು ಒಮ್ಮೆ ಕೆಮ್ಮುವರು, ನಾನು ಸೆರಗೆಳೆದುಕೊಂಡು ಒಳಗೆ ಸರಿಯುವೆನು. ಅವರ ಧ್ವನಿ ನನಗೆ ಗೊತ್ತಿದ್ದದ್ದು ಗೋಡೆಯ ಆಚೆಯಿಂದ. ಮುಖಕ್ಕಿಂತ ಅವರ ಬೆನ್ನನ್ನೇ ಹೆಚ್ಚು ನೋಡಿದ್ದೆ.

ಬಸುರಿಯಾದಾಗ ಉಸಿರಿನಲ್ಲಿ ಸಣ್ಣ ಸಿಳ್ಳು ಶುರುವಾಯಿತು. ತಿಂಗಳು ತುಂಬುವ ಹೊತ್ತಿಗೆ ಪಕ್ಕದಲ್ಲಿ ಕೂತವರಿಗೂ ಅದು ಕೇಳುತ್ತಿತ್ತು. ಹೊಟ್ಟೆಯ ಭಾರಕ್ಕೆ ಹಾಗಾಗುತ್ತದೆ ಎಂದರು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಗಂಡುಕೂಸು. ಚಳಿ ಶುರುವಾಗಿತ್ತು.

ಬಾಣಂತಿ ಕೋಣೆ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಂದೇ ಬಾಗಿಲು. ಎತ್ತರದಲ್ಲಿ ಒಂದು ಗವಾಕ್ಷಿ, ಅದಕ್ಕೂ ಗೋಣಿ ತುರುಕಿ ಬಂದ್ ಮಾಡುವರು. ಮಂಚದ ಬದಿಗೆ ಹಗಲೂ ರಾತ್ರಿ ಕೆಂಡ. ಬಾಣಂತಿಗೆ ತಂಡಿ ಹತ್ತಿದರೆ ಸನ್ನಿ ಹಿಡಿಯುತ್ತದೆ ಎಂಬ ಭಯ ಅತ್ತೆಯದು. ತಮ್ಮ ಅಕ್ಕನನ್ನು ಹಾಗೆ ಕಳೆದುಕೊಂಡವರು ಅವರು. ಆ ಭಯಕ್ಕೆ ನಗುವ ಹಕ್ಕು ಯಾರಿಗೂ ಇರಲಿಲ್ಲ.

ಆದರೆ ಕೆಂಡದ ಹೊಗೆಗೆ ನನ್ನ ಎದೆ ಕಟ್ಟಿಕೊಂಡಿತು. ಸುದ್ದಿ ಅಂಗಳ ದಾಟಿ ಮಾವನವರ ಕಿವಿಗೆ ಹೋಯಿತು. ಯಾದಗಿರಿಯಲ್ಲಿ ಒಬ್ಬ ರೈಲ್ವೆ ಸಾಹೇಬ ವರ್ಗವಾಗಿ ಹೋಗುತ್ತ ಮನೆಯ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದ. ಅಲ್ಲಿಂದ ಮಾವನವರು ಬಂಡಿಯಲ್ಲಿ ಒಂದು ಕಬ್ಬಿಣದ ಒಲೆ ತರಿಸಿದರು. ನಾಲ್ಕು ಕಾಲು, ಮುಂದೆ ಪುಟ್ಟ ಬಾಗಿಲು, ಹಿಂದೆ ಉದ್ದನೆಯ ಕೊಳವೆ. ಕೊಳವೆಯನ್ನು ಗವಾಕ್ಷಿಯ ಒಂದು ಮೂಲೆಯಿಂದ ಹೊರಗೆ ಹಾಯಿಸಿ ಸುತ್ತ ಮಣ್ಣು ಮೆತ್ತಿಸಿದರು, ಉಳಿದ ಭಾಗಕ್ಕೆ ಗೋಣಿ ಹಾಗೇ ಇತ್ತು. ಕಟ್ಟಿಗೆ ಒಳಗೆ ಉರಿಯುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಅತ್ತೆ ಅದಕ್ಕೆ ವಿಭೂತಿಯ ಮೂರು ಗೆರೆ ಎಳೆದರು. ಸುರಪುರದಿಂದ ತನ್ನ ಕೂಸಿನೊಡನೆ ಬಂದಿದ್ದ ನಾದಿನಿ ನೀಲಮ್ಮ, "ವೈನಿ, ನಿಮ್ಮ ಸಾಹೇಬ ಲಿಂಗ ಕಟ್ಟಿಸ್ಕೊಂಡಾನ ನೋಡ್ರಿ" ಎಂದು ಒಲೆಯ ಕಡೆ ಕೈ ತೋರಿಸಿ ನಗಿಸಿದಳು.

ಹೊಗೆ ಹೋಯಿತು. ಎದೆಗೆ ಎಷ್ಟು ಹಾಯೆನಿಸಿತೆಂದರೆ ಕಣ್ಣಲ್ಲಿ ನೀರು ಬಂತು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಕೂತ ಹಾಗೆ ಆ ಒಲೆಯನ್ನು ನೋಡುತ್ತ ಮಲಗಿದ್ದೆ. ಜಾಲಿಯ ಕಟ್ಟಿಗೆ ಒಳಗೆ ಸದ್ದಿಲ್ಲದೆ ಕೆಂಪಾಗುತ್ತಿತ್ತು.

ಆಮೇಲೆ ಗಾಳಿ ಒಣಗತೊಡಗಿತು. ಮೊದಲು ನನಗೆ ತಿಳಿಯಲಿಲ್ಲ. ತುಟಿ ಸೀಳಿತು. ಮಂಚದ ಕೀಲು ಸಡಿಲವಾಗಿ ಕಿರ್ ಎನ್ನತೊಡಗಿತು. ತಲೆ ಬಾಚಿದರೆ ಕೂದಲು ಹಣಿಗೆಗೆ ಅಂಟಿಕೊಂಡು ಚಟಚಟ ಎನ್ನುತ್ತಿತ್ತು. ಕೂಸಿನ ಬಟ್ಟೆ ಒಲೆಯ ಹತ್ತಿರ ಹಿಡಿದರೆ ಕ್ಷಣದಲ್ಲಿ ಹಪ್ಪಳ. ಗಂಟಲಲ್ಲಿ ಮರಳು ತುಂಬಿದ ಹಾಗೆ ಒಣ ಕೆಮ್ಮು. ಒಂದು ಬೆಳಿಗ್ಗೆ ಕೆಮ್ಮಿ ಕರವಸ್ತ್ರ ತೆಗೆದಾಗ ಅದರ ಮೇಲೆ ಕೆಂಪು ಎಳೆ ಕಂಡಿತು.

ಮಡಿಸಿದೆ. ಬಿಚ್ಚಿ ನೋಡಿದೆ. ಮತ್ತೆ ಮಡಿಸಿದೆ. ಅವ್ವನ ತಲೆದಿಂಬಿನ ಕೆಳಗಿದ್ದ ಅಂಥದೇ ಬಟ್ಟೆ ನನಗೆ ನೆನಪಿತ್ತು.

ಮುಚ್ಚಿಡಲು ಆಗಲಿಲ್ಲ, ಅತ್ತೆ ಬಟ್ಟೆ ಒಗೆಯಲು ಒಯ್ಯುವಾಗ ಕಂಡರು. ನನ್ನ ಮಗ್ಗುಲಿನಿಂದ ಕೂಸನ್ನು ಎತ್ತಿ ನೀಲಮ್ಮನ ಕೈಗೆ ಕೊಟ್ಟರು. "ಇವಂಗೂ ನೀನೇ ಹಾಲು ಕುಡಸವ್ವ" ಎಂದರು. ನೀಲಮ್ಮ ಎರಡೂ ಕೂಸುಗಳನ್ನು ಎತ್ತಿಕೊಂಡು ಪಡಸಾಲೆಯ ಆಚೆ ಕೋಣೆಗೆ ಹೋದಳು. ಕ್ಷಯವೇ ಆದರೆ ಕೂಸನ್ನು ಅವಳು ಸುರಪುರಕ್ಕೆ ಒಯ್ದು ಸಾಕುವುದೆಂದು ಮನೆಯಲ್ಲಿ ಮಾತಾಯಿತು. ಅದು ಕ್ರೌರ್ಯವಲ್ಲ. ಅವನು ಬದುಕಲಿ ಎಂದು. ನಾನೇ ಆಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಗೋಡೆಯ ಆಚೆ ಅವನು ಅತ್ತಾಗ ನನ್ನ ಕುಪ್ಪಸ ತೊಯ್ಯುತ್ತಿತ್ತು. ಆ ಸಂಕಟವನ್ನು ಬರೆಯಲು ಈ ವಯಸ್ಸಿನಲ್ಲೂ ನನಗೆ ಶಬ್ದವಿಲ್ಲ.

ಅತ್ತೆ ನನ್ನನ್ನು ಬಂಡಿಯಲ್ಲಿ ಯಾದಗಿರಿಯ ದವಾಖಾನೆಗೆ ಕರೆದೊಯ್ದರು. ಕಿವಿಗೆ ಅರಳೆ ತುರುಕಿ, ಕಂಬಳಿ ಸುತ್ತಿ, ಗಂಟುಮೂಟೆಯ ಹಾಗೆ. ಭೀಮೆಯಲ್ಲಿ ನೀರು ಇಳಿದಿತ್ತು, ಬಂಡಿ ಮರಳಿನ ಮೇಲೆ ನಿಧಾನ ದಾಟಿತು. ಹೊಳೆಯ ಮೇಲಿನ ತಂಪು ಗಾಳಿ ಮೂಗಿಗೆ ಬಡಿದಾಗ ನನ್ನ ಕೆಮ್ಮು ಸ್ವಲ್ಪ ಹೊತ್ತು ನಿಂತಿತು. ಯಾಕೆ ನಿಂತಿತೆಂದು ಆಗ ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ. ಅವರು ಕಂಬಳಿಯನ್ನು ಇನ್ನಷ್ಟು ಬಿಗಿದರು.

ದವಾಖಾನೆಯ ಜಗುಲಿಯ ತುಂಬ ಹೆಂಗಸರು. ಬುರ್ಖಾದವರು, ಇಳಕಲ್ ಸೀರೆಯವರು, ಕೈಗೂಸಿನವರು. ಎಲ್ಲರೂ ಒಬ್ಬರ ಕೆಮ್ಮನ್ನೊಬ್ಬರು ಕೇಳಿಸಿಕೊಳ್ಳುತ್ತ ಕೂತಿದ್ದರು. ನಾನು ಕೆಮ್ಮಿದಾಗ ಬಟ್ಟೆಯ ಮೇಲಿನ ಕೆಂಪನ್ನು ಕಂಡವರು ತಮ್ಮ ಮಕ್ಕಳನ್ನು ಎಳೆದುಕೊಂಡರು. ನನ್ನ ಸುತ್ತ ಜಾಗ ಆಯಿತು. ಆಗ ಹೊಳೆದಂಡೆಯ ಒಬ್ಬ ಮೀನುಗಾರರ ಮುದುಕಿ ಆ ಖಾಲಿ ಜಾಗಕ್ಕೆ ಸರಿದು ಬಂದು ನನ್ನ ಪಕ್ಕ ಕೂತಳು. "ಇಲ್ಲಿ ಬಿಸಲ ಚಲೋ ಅದ" ಎಂದಳು, ಅಷ್ಟೆ. ಅಲ್ಲಿ ಬಿಸಿಲೇ ಇರಲಿಲ್ಲ. ನನ್ನ ಪಾಳಿ ಬರುವ ತನಕ ಅವಳ ಮೊಣಕೈ ನನ್ನ ಮೊಣಕೈಗೆ ತಾಗಿಯೇ ಇತ್ತು.

ಡಾಕ್ಟರಮ್ಮ ಹೈದರಾಬಾದಿನ ಕಡೆಯವರು, ನಡುವಯಸ್ಸು, ಬಿಳಿ ಸೀರೆ. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದ ಮೇಲೆ, ಹೆದರಿಕೆಯಾಗುತ್ತಿದೆಯೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಯೆಸ್ ಎಂದೆ. ಅತ್ತೆಯ ಮುಂದೆ ಕನ್ನಡದಲ್ಲಿ ಆ ಒಂದು ಶಬ್ದವನ್ನು ನಾನು ಹೇಳುತ್ತಿರಲಿಲ್ಲ. ಹೇಳಿದ ಮೇಲೆ ಅರ್ಧ ಭಾರ ಇಳಿಯಿತು. ಕಫವನ್ನು ಒಂದು ಶೀಸೆಗೆ ಹಾಕಿಸಿಕೊಂಡರು. ಅದನ್ನು ಒಂದಲ್ಲ, ಹಲವು ಸಲ ಪರೀಕ್ಷಿಸಬೇಕು, ಅಲ್ಲಿಯ ತನಕ ಕೂಸು ಬೇರೆಯೇ ಇರಲಿ ಎಂದರು. ತಾವು ಶಹಾಪುರಕ್ಕೆ ಬರುವುದಿದೆ, ಅಷ್ಟರಲ್ಲಿ ತಿಳಿಯುತ್ತದೆ, ಬಂದೇ ಹೇಳುತ್ತೇನೆ ಎಂದರು.

ಆಮೇಲೆ ಕೋಣೆಯ ಬಗ್ಗೆ ಕೇಳಿದರು. ಅತ್ತೆ ಹೆಮ್ಮೆಯಿಂದ ಒಲೆ, ಗೋಣಿ, ಮುಚ್ಚಿದ ಬಾಗಿಲು ಎಲ್ಲ ವರ್ಣಿಸಿದರು. ಡಾಕ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡರು. "ಅಮ್ಮಾ, ಶಾವಿಗಿ ಒಣಗ್ಸಿದಂಗ ಸೊಸೀನ ಒಣಗಸಾಕತ್ತೀರಿ. ಆ ಗಾಳ್ಯಾಗ ನೀರೇ ಇಲ್ಲ. ಒಲಿ ಮ್ಯಾಲ ಒಂದು ಪಾತ್ರಿ ನೀರಿಡ್ರಿ, ಒಂದು ಹಸಿ ಬಟ್ಟಿ ಕಟ್ರಿ. ಆದ್ರ ನೀರು ಗಾಳಿಗೆ ಕುಡಸ್ರಿ, ಗ್ವಾಡಿಗಲ್ಲ."

ಬಾಣಂತಿಯ ಕೋಣೆಯಲ್ಲಿ ಹಸಿ ಬಟ್ಟೆ. ಅತ್ತೆಗೆ ಅದು ಹಾವು ಬಿಟ್ಟುಕೊಂಡ ಹಾಗೆ. ಮನೆಗೆ ಬಂದವರೇ ದೇವರ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮದೇ ಒಂದು ಹಳೆಯ ಸೀರೆಯನ್ನು ನೀರಲ್ಲಿ ಅದ್ದಿ, ಹಿಂಡಿ, ನನ್ನ ಕೋಣೆಯಲ್ಲಿ ಕಟ್ಟಿದರು.

ನಮ್ಮವರದು ಒಂದು ಸ್ವಭಾವ: ಒಂದು ಕೆಲಸ ಒಪ್ಪಿದರೆ ಅದನ್ನು ಅರ್ಧಕ್ಕೆ ಮಾಡುವವರಲ್ಲ. ಒಂದು ಪಾತ್ರೆ ನೀರಿನಿಂದ ಗಂಟಲಿಗೆ ಹಿತವಾಯಿತೆಂದು ನಾನು ಹೇಳಿದ್ದೇ ತಡ, ಅತ್ತೆ ತಾಮ್ರದ ಹಂಡೆ ತಂದು ಒಲೆಯ ಮೇಲೆ ಏರಿಸಿದರು. ಎರಡು ಕೊಡ ಬದಿಗೆ. ಒಂದಿದ್ದ ಸೀರೆ ನಾಲ್ಕಾಯಿತು. ಕೂಸುಗಳ ಬಟ್ಟೆಯೂ ಅಲ್ಲೇ ಒಣಗಲಿ, ಹಬೆ ಬರಲಿ ಎಂದರು. ಕೋಣೆ ಹಬೆಸ್ನಾನದ ಹಮಾಮಿನ ಹಾಗಾಯಿತು. ಗೋಡೆ ಬೆವರಿತು. ಮಾಳಿಗೆಯ ಮಣ್ಣಿನಿಂದ ಹನಿ ಬಿತ್ತು. ಟ್ರಂಕಿನ ಹಿಂದೆ ಗೋಡೆಯ ಮೇಲೆ ಕರಿಯ ಬೂಷ್ಟು ಹಬ್ಬಿತು. ನೆನೆದ ಗೋಣಿಯ ವಾಸನೆ. ನನ್ನ ಎದೆ ಮತ್ತೆ ಕಟ್ಟಿಕೊಂಡಿತು, ಈ ಸಲ ಇನ್ನೂ ಜೋರಾಗಿ. ಕೆಮ್ಮಿನಲ್ಲಿ ರಕ್ತ ಇರಲಿಲ್ಲ, ಆದರೆ ಉಸಿರೇ ಇರಲಿಲ್ಲ. ದಿಂಬುಗಳನ್ನು ಪೇರಿಸಿ ಕೂತೇ ಇರಬೇಕಾಯಿತು. ಸಿಳ್ಳು ಪಡಸಾಲೆಯ ತನಕ ಕೇಳುತ್ತಿತ್ತು.

ಅಂದು ಅಂಗಳದಿಂದ ಮಾವನವರ ಧ್ವನಿ ಬಂತು. ಅತ್ತೆಗೆ ಹೇಳಿದ್ದು: "ಒಳಗೇನು ಹೊಳಿ ತಂದು ಇಟ್ಟೀಯೇನು? ಗ್ವಾಡಿ ಹೊರಗ ತನಕ ನೆಂದದ."

ಅತ್ತೆ ರೇಗಿದರು. ನೀರಿಟ್ಟರೂ ತಪ್ಪು, ತೆಗೆದರೂ ತಪ್ಪು, ಗಾಳಿಯಲ್ಲಿ ಎಷ್ಟು ನೀರಿದೆ ಎಂದು ತಮಗೆ ಹೇಗೆ ಕಾಣಬೇಕು ಎಂದರು. ಅವರ ಧ್ವನಿ ಒಡೆದಿತ್ತು. ಆಮೇಲೆ ಮಾವನವರು ಅಂದರು, "ಒಂದು ಹಿಡಿ ಅರಳಿ ಒಳಗ ಕಟ್ಟು. ಹೊತ್ತಿಗೊಮ್ಮೆ ಬಿಚ್ಚಿ ನನ್ನ ಕೈಯಾಗ ತಂದು ಕೊಡು. ನಾ ಹೇಳ್ತೇನಿ."

ಅರಳೆಯವರ ವಿದ್ಯೆ ಅದು. ಅರಳೆ ಗಾಳಿಯಿಂದ ನೀರು ಕುಡಿಯುತ್ತದೆ, ಕುಡಿದರೆ ತೂಕ ಹೆಚ್ಚುತ್ತದೆ. ಆದ್ದರಿಂದ ಕೊಳ್ಳುವವರು ಮೊದಲು ಮುಷ್ಟಿಯಲ್ಲಿ ಒತ್ತಿ ಬಿಡುತ್ತಾರೆ. ಒಣಗಿದ್ದರೆ ಪುಟಿದು ಅರಳುತ್ತದೆ. ಹಸಿಯಿದ್ದರೆ ಒತ್ತಿದ ಹಾಗೇ ಕೂತುಬಿಡುತ್ತದೆ, ಕೆನ್ನೆಗೆ ಹಚ್ಚಿದರೆ ತಣ್ಣಗೆ. ಮಾವನವರು ಶಹಾಪುರದ ಪೇಟೆಯಲ್ಲಿ ಜೀವಮಾನವೆಲ್ಲ ಮಾಡಿದ್ದು ಇದನ್ನೇ.

ಬೀಜ, ಧೂಳು ತೆಗೆದ ಶುಭ್ರ ಅರಳೆಯನ್ನು ಅತ್ತೆ ತೆಳು ಮಲ್ಲಿನ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನನ್ನ ಮಂಚದಿಂದ ದೂರ, ಗೂಟಕ್ಕೆ ನೇತುಹಾಕಿದರು. ಬೆಳಿಗ್ಗೆ, ಊಟದ ಹೊತ್ತಿಗೆ, ದೀಪ ಹಚ್ಚುವ ಮೊದಲು ಆ ಗಂಟು ಅಂಗಳಕ್ಕೆ ಹೋಗುತ್ತಿತ್ತು. ನಾನು ಒಳಗೆ ಕಿವಿಗೊಟ್ಟು ಕೂತಿರುತ್ತಿದ್ದೆ.

"ಹಸಿ ಅದ. ಹಂಡೆ ಇಳಸು."

"ಇನ್ನೂ ಹಸಿ. ಬಟ್ಟಿ ಎಲ್ಲಾ ಹೊರಗ ಹಾಕು. ಗವಾಕ್ಷಿ ಗೋಣಿ ಒಂದಿಷ್ಟು ಸರಸು."

ಗವಾಕ್ಷಿ ಎಂದದ್ದಕ್ಕೆ ಅತ್ತೆ ತಕರಾರು ತೆಗೆದರು, ತಂಡಿ ಬರುತ್ತದೆ ಎಂದರು. ಒಲೆ ಉರಿಯುತ್ತಿರುವಾಗ ತಂಡಿ ಒಳಗೆ ಬಂದು ಏನು ಮಾಡುತ್ತದೆ, ಹಬೆ ಹೊರಗೆ ಹೋಗಲು ದಾರಿ ಬೇಕಲ್ಲ ಎಂದು ಮಾವನವರು ತಾಳ್ಮೆಯಿಂದ ಹೇಳಿದರು. ಎರಡು ಬೆರಳು ಸಂದಿ ಬಿಡುವುದೆಂದು ರಾಜಿಯಾಯಿತು. ಅತ್ತೆ ಬೂಷ್ಟು ಕೆರೆಸಿ ಸುಣ್ಣ ಬಳಿಸಿದರು, ಅದು ಆರುವ ತನಕ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಹಸಿ ಕಟ್ಟಿಗೆ ಬೇಡ, ಒಣಗಿದ ಜಾಲಿಯೇ ಇರಲಿ ಎಂದರು. ಒಮ್ಮೆ ಗಂಟು ಹೊರಗೆ ಹೋದಾಗ ಮಾವನವರು, "ಈಗ ಭಾಳ ಒಣಗ್ಯಾದ, ಒಂದು ಸಣ್ಣ ಪಾತ್ರಿ ಇಡು" ಎಂದರು. ಮತ್ತೊಮ್ಮೆ, ಸೀರೆ ತೊಯ್ಸಬೇಡ, ಪಂಚೆ ಸಾಕು ಎಂದರು. ನೀಲಮ್ಮ ಆಚೆ ಕೋಣೆಯಿಂದ, "ಅಪ್ಪಾರ, ಮುಗೀತೇನ್ರಿ ಸೌದಾ? ವೈನೀನ ಎಷ್ಟಕ್ಕ ಕೊಂಡ್ರಿ?" ಎಂದು ಕೂಗಿದಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿತು.

ಒಂದು ಮಧ್ಯಾಹ್ನ ಗಂಟು ಹೊರಗೆ ಹೋಯಿತು. ನಾನು ಕಾದೆ. ಆಮೇಲೆ ಮಾವನವರೆಂದರು, "ಈಗ ಸರಿ ಅದ. ಹಿಂಗೇ ಇಡು."

ನಾನು ಆ ಗಾಳಿಯನ್ನು ಎಳೆದುಕೊಂಡೆ. ಅದು ಒಳಗೆ ಹೋಯಿತು. ತಡೆಯಲಿಲ್ಲ, ಕೆರೆಯಲಿಲ್ಲ. ಸಿಳ್ಳು ಇತ್ತು, ಆದರೆ ಸಣ್ಣಗೆ. ಸ್ಕೂಲಿನಲ್ಲಿ ಸಿಸ್ಟರ್ ಒಬ್ಬರು ಸ್ಲೇಟಿನ ಮೇಲೆ ಉಸಿರು ಬಿಟ್ಟು, ಇದು ವಾಟರ್ ವೇಪರ್, ನೀರಿನ ಆವಿ, ಎಂದು ತೋರಿಸಿದ್ದರು. ನಾನು ಪಾಠ ಒಪ್ಪಿಸಿ ಮಾರ್ಕು ತೆಗೆದುಕೊಂಡಿದ್ದೆ, ಅಷ್ಟೇ. ಈಗ ನೋಡಿದರೆ, ಬೆಳಿಗ್ಗೆ ತುಂಬಿಸಿಟ್ಟ ಪಾತ್ರೆ ಸಂಜೆಗೆ ಅರ್ಧವಾಗಿರುತ್ತಿತ್ತು. ಯಾರೂ ಮೊಗೆದಿರಲಿಲ್ಲ. ಚೆಲ್ಲಿರಲಿಲ್ಲ. ಆ ನೀರೆಲ್ಲ ಕಣ್ಣಿಗೆ ಕಾಣದೆ ನನ್ನ ಸುತ್ತ ತೇಲುತ್ತಿತ್ತು, ನಾನು ಅದನ್ನು ಉಸಿರಾಡುತ್ತಿದ್ದೆ, ಅದರಲ್ಲಿ ಒಂದು ಪಾಲು ಆ ಅರಳೆಯ ಎಳೆಗಳಲ್ಲಿ ಕೂತಿತ್ತು. ನನ್ನ ಮುಖವನ್ನೂ ಸರಿಯಾಗಿ ಕಂಡಿರದ ಒಬ್ಬ ಹಿರಿಯ ಮನುಷ್ಯ ಅಂಗಳದ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ನನ್ನ ಗಾಳಿಯನ್ನು ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದರು. ಇದನ್ನು ಅತ್ತೆ ನನಗೆ ಹೇಳಿದರು. ಕೇಳಿ ನನಗೆ ರೋಮಾಂಚನವಾಯಿತು. ಚಾಪೆಲ್ಲಿನಲ್ಲಿ ಮೊಣಕಾಲೂರಿ ಕೂತಾಗ ಬರಬೇಕೆಂದು ಸಿಸ್ಟರುಗಳು ಹೇಳುತ್ತಿದ್ದ ಭಾವ ನನಗೆ ಮೊದಲು ಬಂದದ್ದು ಅಲ್ಲಿ, ಆ ಸುಣ್ಣದ ಗೋಡೆಯ ಕೋಣೆಯಲ್ಲಿ.

ಆದರೂ ಕ್ಷಯ ಹೌದೋ ಅಲ್ಲವೋ ಗೊತ್ತಿರಲಿಲ್ಲ. ಉಸಿರು ಸರಿಯಾದಷ್ಟೂ ಆ ಭಯ ದೊಡ್ಡದಾಯಿತು. ಉಸಿರಿಗೆ ಒದ್ದಾಡುವಾಗ ಬೇರೆ ಯೋಚನೆ ಇರುವುದಿಲ್ಲ. ಈಗ ಯೋಚಿಸಲು ಹೊತ್ತಿತ್ತು. ಹಾಲು ಬತ್ತಬಾರದೆಂದು ಅತ್ತೆ ದಿನವೂ ಬಟ್ಟಲಿಗೆ ಹಿಂಡಿಸಿ ತುಳಸಿ ಬುಡಕ್ಕೆ ಹಾಕುತ್ತಿದ್ದರು. "ಬರತಾನ ಅಂವ, ಬರತಾನ" ಎಂದು ಮಾತ್ರ ಅನ್ನುತ್ತಿದ್ದರು. ನೀಲಮ್ಮನ ಟ್ರಂಕು ಕಟ್ಟಿ ಪಡಸಾಲೆಯಲ್ಲಿ ಇಟ್ಟದ್ದು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಅದರ ಮೇಲೆ ನನ್ನ ಮಗನ ತಲೆಗೆ ಕಟ್ಟುವ ಕುಂಚಿಗೆ.

ಡಾಕ್ಟರಮ್ಮ ಬಂದದ್ದು ಒಂದು ಸಂತೆಯ ದಿನ, ಬಿಸಿಲೇರಿದ ಮೇಲೆ. ಕೋಣೆಗೆ ಬಂದು ಮೊದಲು ಸುತ್ತ ನೋಡಿದರು. ಗೋಡೆ ಮುಟ್ಟಿದರು. ಒಲೆಯ ಮೇಲಿನ ಪಾತ್ರೆ, ಗವಾಕ್ಷಿಯ ಸಂದಿ, ಗೂಟದ ಗಂಟು. ಗಂಟು ಏನೆಂದು ಕೇಳಿದರು. ಅತ್ತೆ ಹೇಳಿದರು. ಡಾಕ್ಟರಮ್ಮ ಅದನ್ನು ಕೈಯಲ್ಲಿ ಒತ್ತಿ ನೋಡಿ ಮೆಲ್ಲಗೆ ಮತ್ತೆ ಗೂಟಕ್ಕೆ ಹಾಕಿದರು. ನನ್ನ ಎದೆ ಕೇಳಿದರು. ಮಂಚದ ಮೇಲೆ ಕೂತರು.

"ಕ್ಷಯ ಇಲ್ಲ" ಎಂದರು. "ಮೂರು ಸಲ ನೋಡೇನಿ, ಇಲ್ಲ. ಆ ರಕ್ತ ಒಣಗಿದ ಗಂಟಲಿಂದು. ನಿನಗಿರೋದು ಉಬ್ಬಸ. ಇದು ನಿನ್ನ ಬಿಟ್ಟು ಹೋಗಂಗಿಲ್ಲವ್ವ, ಆದ್ರ ಕೂಸು ನಿನ್ನ ಬಿಟ್ಟು ಹೋಗಬೇಕಾಗಿಲ್ಲ."

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ನೀಲಮ್ಮ ಬಾಗಿಲಲ್ಲೇ ನಿಂತಿದ್ದಳೆಂದು ಕಾಣುತ್ತದೆ, ಕೂಸನ್ನು ತಂದು ನನ್ನ ಮಡಿಲಲ್ಲಿ ಇಟ್ಟಳು.

ಅವನು ಚೀರಿದ. ನನ್ನ ವಾಸನೆ ಅವನಿಗೆ ಮರೆತುಹೋಗಿತ್ತು. ಮುಖ ತಿರುಗಿಸಿ ನೀಲಮ್ಮನ ಸೆರಗಿನ ಕಡೆಗೆ ಕೈ ಆಡಿಸಿದ. ಮೈಯೆಲ್ಲ ಕೆಂಪಾಯಿತು. ನನ್ನ ಎದೆ ಹೊಡೆದುಕೊಂಡಿತು, ಸಿಳ್ಳು ಏರಿತು. ಆ ಸದ್ದಿಗೆ ಇನ್ನಷ್ಟು ಹೆದರುತ್ತಾನೆ ಎಂದು ಉಸಿರು ಬಿಗಿ ಹಿಡಿದು ಕೂತೆ. ಹಿಡಿದಷ್ಟೂ ಅವನ ಅಳು ಹೆಚ್ಚಿತು. ನೀಲಮ್ಮ ಬಗ್ಗಿ, "ಉಸರು ಬಿಡ್ರಿ ವೈನಿ, ಯಾರ ಮುಂದ ಮುಚ್ಚಾಕತ್ತೀರಿ" ಎಂದಳು.

ಬಿಟ್ಟೆ. ಸುಯ್ ಎಂದು ಉದ್ದನೆಯ ಸಿಳ್ಳು ಹೊರಬಿತ್ತು. ಕೂಸು ಅಳುವನ್ನು ಅರ್ಧಕ್ಕೆ ನಿಲ್ಲಿಸಿತು. ಎಳೆದುಕೊಂಡೆ, ಮತ್ತೆ ಸಿಳ್ಳು. ಅವನು ತಲೆಯನ್ನು ನಿಧಾನವಾಗಿ ತಿರುಗಿಸಿ ಕಿವಿಯನ್ನು ನನ್ನ ಎದೆಗೆ ಒತ್ತಿದ. ಕಣ್ಣು ತೆರೆದೇ ಇತ್ತು, ಕೇಳಿಸಿಕೊಳ್ಳುವವರ ಹಾಗೆ. ನಾವೆಲ್ಲ ಹೆದರಿದ್ದ ಆ ಸದ್ದನ್ನು ಅವನು ಒಳಗಿದ್ದಾಗ ತಿಂಗಳುಗಟ್ಟಲೆ ಕೇಳಿದ್ದ. ಅದು ಅವನ ಮನೆಯ ಸದ್ದು. ಒಂದು ಉಸಿರು, ಇನ್ನೊಂದು ಉಸಿರು, ಅವನ ಮುಷ್ಟಿ ಬಿಚ್ಚಿತು, ಬಾಯಿ ಹುಡುಕಿತು, ಹಿಡಿಯಿತು. ಡಾಕ್ಟರಮ್ಮ ತಮ್ಮ ಚೀಲವನ್ನು ಸದ್ದಾಗದಂತೆ ಮುಚ್ಚಿದರು.

ಅಂಗಳದಲ್ಲಿ ಕೆಮ್ಮು ಕೇಳಿತು. ಮಾವನವರು ಬಂದು ಗೋಡೆಯ ಆಚೆ ನಿಂತಿದ್ದರು. ಜೋರಾಗಿ ಅಳುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸುಮ್ಮನಾದದ್ದು ಅವರಿಗೆ ಕೇಳಿರಬೇಕು.

"ಯಾಕ ಸುಮ್ಮನಾತು ಕೂಸು?" ಎಂದರು. ಧ್ವನಿಯಲ್ಲಿ ಗಾಬರಿ ಇತ್ತು. "ಏನಾತು? ಯಾರರ ಮಾತಾಡ್ರಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ನೀಲಮ್ಮನಿಗೂ ಮಾತು ಹೊರಡಲಿಲ್ಲ. ಅವರು ಇನ್ನೂ ಕಾಯುತ್ತ ನಿಂತಿದ್ದರು.

"ಹಾಲು ಕುಡ್ಯಾಕತ್ತಾನ್ರಿ, ಮಾವಾರ" ಎಂದೆ ನಾನು.

ಆಚೆ ಅವರು ಕಟ್ಟೆಯ ಮೇಲೆ ಕೂತ ಸದ್ದಾಯಿತು. ಆಮೇಲೆ ಅವರೆಂದರು, "ಕುಡೀಲವ್ವ. ಸಾವಕಾಶ ಕುಡೀಲಿ."